ಮಹಾದೇವಿಯ ನಾಲ್ಕು ತಿಂಗಳ ಮೌನ

೨೦೦೫ರಲ್ಲಿ ನಾನು ಹೈದರಾಬಾದಿನ ಮಾದಾಪುರದ ಒಂದು ಥೆರಪಿ ಕೇಂದ್ರದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮಾತು ತಡವಾದ ಅಥವಾ ಮಾತೇ ಬಾರದ ಮಕ್ಕಳಿಗೆ ಸಂವಹನ ಕಲಿಸುವುದು ನನ್ನ ಕೆಲಸ. ಮೈಸೂರಿನಲ್ಲಿ ಓದು ಮುಗಿಸಿ ಆರು ವರ್ಷವಾಗಿತ್ತು. ನಮ್ಮ ಸುತ್ತ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಕೇಂದ್ರಕ್ಕೆ ಬರುತ್ತಿದ್ದವರೆಲ್ಲ ಬಹುಮಟ್ಟಿಗೆ ಆ ಕಟ್ಟಡಗಳೊಳಗೆ ಕೆಲಸ ಮಾಡುವ ಎಂಜಿನಿಯರುಗಳ ಮಕ್ಕಳು. ಕಟ್ಟಡ ಕಟ್ಟುವವರ ಮನೆಯಿಂದ ಬಂದ ಮಗು ಒಂದೇ ಒಂದು. ಆ ಮಗುವಿನ ವಿಷಯವನ್ನು ನಾನು ಇಷ್ಟು ವರ್ಷ ಹೊಸಬರಿಗೆ ಕೊಟ್ಟ ಯಾವ ತರಬೇತಿಯಲ್ಲೂ ಬಾಯಿಬಿಟ್ಟು ಹೇಳಿಲ್ಲ.

ಹುಡುಗಿಯ ಹೆಸರು ಗಂಗಾ. ಐದು ವರ್ಷ. ತಾಯಿ ಮಹಾದೇವಿ ಗುಲಬರ್ಗಾ ಜಿಲ್ಲೆಯವಳು. ತಂದೆ ಶರಣಪ್ಪ ಸೆಂಟ್ರಿಂಗ್ ಕೆಲಸದವನು, ಅಂದರೆ ಕಾಂಕ್ರೀಟು ಸುರಿಯುವ ಮೊದಲು ಹಲಗೆಗಳ ಅಚ್ಚು ಕಟ್ಟುವವನು. ಅವನ ಸೈಟಿನ ಎಂಜಿನಿಯರೊಬ್ಬರು ಚೀಟಿ ಬರೆದು ಕಳಿಸಿದ್ದರು. ಶನಿವಾರ ಬೆಳಿಗ್ಗೆ ನಲವತ್ತು ನಿಮಿಷದ ಅವಧಿ ಗಂಗಾಗೆ ಸಿಕ್ಕಿತು.

ಮೊದಲ ದಿನದ ಅಸೆಸ್‌ಮೆಂಟಿನಲ್ಲಿ ಮಗುವಿಗೆ ಏನು ತಿಳಿಯುತ್ತದೆ, ಏನು ಹೇಳಲು ಬರುತ್ತದೆ ಎಂದು ನೋಡಿ ಬರೆದುಕೊಳ್ಳುತ್ತೇವೆ. ಗಂಗಾಗೆ ಆಟಿಸಂ ಇರುವುದನ್ನು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ಕರೆದರೆ ತಿರುಗುತ್ತಿರಲಿಲ್ಲ. ಪ್ಲಾಸ್ಟಿಕ್ ಬಿಂದಿಗೆಯ ಮುಚ್ಚಳವನ್ನು ಗಂಟೆಗಟ್ಟಲೆ ತಿರುಗಿಸುತ್ತಿದ್ದಳು. ಆದರೆ ಒಂಬತ್ತು ಪದಗಳಿದ್ದವು. ಅವ್ವ, ನೀರ, ರೊಟ್ಟಿ, ಬ್ಯಾಡ, ಹೀಗೆ. ಎಲ್ಲವೂ ಕನ್ನಡ.

“ನಾ ರೊಟ್ಟಿ ಬಡಿಯೂಮುಂದ ‘ತಟ್ಟ ತಟ್ಟ’ ಅಂದ್ರ ಸಾಕ್ರಿ, ಆಕಿ ‘ರೊಟ್ಟಿ’ ಅಂತಾಳ,” ಎಂದು ಮಹಾದೇವಿ ಹೆಮ್ಮೆಯಿಂದ ಮಗಳ ಅಂಗೈ ತಟ್ಟಿ ತೋರಿಸಿದಳು. ಗಂಗಾ ನಿಜಕ್ಕೂ “ರೊಟ್ಟಿ” ಎಂದಳು. ಇನ್ನೊಬ್ಬರು ಶುರು ಮಾಡಿದ್ದನ್ನು ಮಗು ತಾನಾಗಿ ಮುಗಿಸುವುದು ಎಷ್ಟು ದೊಡ್ಡ ವಿಷಯವೆಂದು ನನಗೆ ಗೊತ್ತಿತ್ತು. ನಾನು ಅದನ್ನು ಫೈಲಿನಲ್ಲಿ ಬರೆಯಲಿಲ್ಲ.

ನಮ್ಮ ಕೇಂದ್ರದಲ್ಲಿ ಒಂದು ನಿಯಮವಿತ್ತು. ಎರಡು ಭಾಷೆ ಕೇಳಿದರೆ ಇಂಥ ಮಕ್ಕಳಿಗೆ ಗೊಂದಲವಾಗುತ್ತದೆ, ಆದ್ದರಿಂದ ಮನೆಯಲ್ಲೂ ಶಾಲೆಯಲ್ಲೂ ಥೆರಪಿಯಲ್ಲೂ ಒಂದೇ ಭಾಷೆ ಇರಬೇಕು. ಆಗ ಅನೇಕರು ಹೀಗೇ ನಂಬಿದ್ದರು. ಇದಕ್ಕೆ ಆಧಾರವೇನೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಎಂಜಿನಿಯರುಗಳ ಮಕ್ಕಳಿಗೆ ಇಂಗ್ಲಿಷ್ ಎನ್ನುತ್ತಿದ್ದೆವು. ಗಂಗಾ ಸರ್ಕಾರಿ ತೆಲುಗು ಶಾಲೆಗೆ ಸೇರಬೇಕಿದ್ದುದರಿಂದ ಅವಳಿಗೆ ತೆಲುಗು ಎಂದು ನಾನು ತೀರ್ಮಾನಿಸಿದೆ.

“ಇನ್ನು ಮನೇಲಿ ಕನ್ನಡ ಬೇಡಮ್ಮ. ತೆಲುಗು ಮಾತ್ರ,” ಎಂದೆ. ಹೇಳಿದ್ದು ಕನ್ನಡದಲ್ಲೇ.

“ನನಗ ತೆಲುಗು ಬರಂಗಿಲ್ರಿ ಅಕ್ಕೋರ. ಕಿರಾಣಿ ಅಂಗಡ್ಯಾಗ ಕೇಳೂವಷ್ಟು ಬರ್ತೈತಿ.”

“ಬಂದಷ್ಟು ಮಾತಾಡಿ. ಬರದಿದ್ರೆ ಸುಮ್ಮನಿರಿ. ಕನ್ನಡ ಕೇಳಿದ್ರೆ ಅವಳಿಗೆ ಮಾತೇ ಬರೋಲ್ಲ.”

ಮುಂದಿನ ಮಗು ಬಾಗಿಲಲ್ಲಿ ಕಾಯುತ್ತಿತ್ತು. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಮಹಾದೇವಿ ತಲೆಯಾಡಿಸಿ ಮಗಳನ್ನು ಎತ್ತಿಕೊಂಡು ಹೋದಳು.

ಒಂದು ಶನಿವಾರವೂ ಅವರು ತಪ್ಪಿಸಲಿಲ್ಲ. ಆದರೆ ಗಂಗಾ ತೆಲುಗಿನ ಒಂದು ಪದವನ್ನೂ ಹಿಡಿಯಲಿಲ್ಲ, ಇದ್ದವೂ ಕಡಿಮೆಯಾಗತೊಡಗಿದವು. ಎರಡನೆಯ ತಿಂಗಳಲ್ಲಿ ಆರು. ನಾಲ್ಕನೆಯ ತಿಂಗಳ ಕೊನೆಗೆ ಎರಡು. ಜೊತೆಗೆ ತನ್ನ ಕೈಯನ್ನೇ ಕಚ್ಚಿಕೊಳ್ಳುವುದು ಶುರುವಾಯಿತು. ನನ್ನ ವಿಧಾನದಲ್ಲಿ ತಪ್ಪಿರಬಹುದೆಂದು ನನಗೆ ತೋಚಲಿಲ್ಲ. ಬೇರೆ ತಂದೆತಾಯಿಯರೂ ಕೂತಿದ್ದ ಕಾಯುವ ಕೋಣೆಯಲ್ಲೇ ಮಹಾದೇವಿಯನ್ನು ನಿಲ್ಲಿಸಿ ಕೇಳಿದೆ.

“ಮನೇಲಿ ಕನ್ನಡ ಮಾತಾಡ್ತಿದ್ದೀರಿ ಅಲ್ವಾ? ನಿಮ್ಮಿಂದಲೇ ಮಗು ಹಿಂದೆ ಬೀಳ್ತಿದೆ.”

ಅವಳು ನೆಲ ನೋಡುತ್ತ, “ಇಲ್ರಿ ಅಕ್ಕೋರ. ಒಂದ್ ಮಾತೂ ಆಡಿಲ್ರಿ,” ಎಂದಳು.

ನಾನು ನಂಬಲಿಲ್ಲ. ಫೈಲಿನಲ್ಲಿ ‘ಮನೆಯವರ ಸಹಕಾರವಿಲ್ಲ’ ಎಂದು ಬರೆದೆ. ಅಷ್ಟಕ್ಕೇ ಬಿಡದೆ, ಸುಳ್ಳನ್ನು ಕಣ್ಣಾರೆ ಹಿಡಿಯಬೇಕೆಂದು ಮರುದಿನ ಭಾನುವಾರ ಹತ್ತು ಗಂಟೆಗೆ, ಹೇಳದೆ ಕೇಳದೆ ಅವರ ಬಿಡಾರಕ್ಕೆ ಹೋದೆ.

ಸೈಟಿನ ಹಿಂಭಾಗದಲ್ಲಿ ತಗಡಿನ ಶೆಡ್ಡುಗಳು ಸಾಲಾಗಿದ್ದವು. ಶರಣಪ್ಪ ಕೆಲಸಕ್ಕೆ ಹೋಗಿದ್ದ. ಮಹಾದೇವಿ ಬಾಗಿಲಿಗೆ ಓರೆಯಾಗಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಗಂಗಾ ಪಕ್ಕದಲ್ಲಿ ಕೂತು ಅಂಗೈಯಿಂದ ನೆಲ ತಟ್ಟುತ್ತಿದ್ದಳು. ತಟ್ಟಿ ನಿಲ್ಲಿಸುವಳು, ತಾಯಿಯ ಬಾಯನ್ನೇ ನೋಡುವಳು, ಮತ್ತೆ ತಟ್ಟುವಳು. ತಾಯಿ ತುಟಿ ಬಿಗಿಹಿಡಿದಿದ್ದಳು. ಕೊನೆಗೆ ಹುಡುಗಿ ಎದ್ದು ಬಂದು, ಎರಡು ಬೆರಳಿನಿಂದ ತಾಯಿಯ ತುಟಿಗಳನ್ನು ಬಿಡಿಸಲು ನೋಡಿದಳು. ಮಹಾದೇವಿ ಮುಖ ಆ ಕಡೆಗೆ ತಿರುಗಿಸಿಕೊಂಡಳು.

ಹೊರಗೆ ಪಾತ್ರೆ ತಿಕ್ಕುತ್ತಿದ್ದ ಪಕ್ಕದ ಶೆಡ್ಡಿನ ಕಾಶಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನೀವ ಏನ್ರಿ ಆ ಅಕ್ಕೋರು? ನಾಕ್ ತಿಂಗಳಾತ್ರಿ, ಮಗಳ ಮುಂದ ಬಾಯಿ ಬಿಡವಲ್ಲಳು. ತೆಲುಗು ಬರಂಗಿಲ್ಲ, ಕನ್ನಡ ಆಡಿದ್ರ ಕೂಸಿಗಿ ಮಾತ ಬರಂಗಿಲ್ಲಂತ. ಅದು ಮಕ್ಕೊಂಡಾಗಷ್ಟ ನನ್ನ ಕೂಡ ಮಾತಾಡ್ತಾಳ. ಗಂಡನ್ನೂ ಸುಮ್ಮಕೂಡಿಸ್ಯಾಳ. ಇದೇನ್ ಔಷಧರಿ ನಿಮ್ಮದು?”

ಒಂದು ಮಾತೂ ಆಡಿಲ್ಲವೆಂದು ಅವಳು ಹೇಳಿದ್ದು ಅಕ್ಷರಶಃ ನಿಜ. ಸುಮ್ಮನಿರಿ ಎಂದು ನಾನೇ ಹೇಳಿದ್ದೆ.

ಮಹಾದೇವಿ ನನ್ನನ್ನು ನೋಡಿ ಗಾಬರಿಯಿಂದ ಎದ್ದಳು, ಕೈಯೆಲ್ಲ ಜೋಳದ ಹಿಟ್ಟು. ಆ ಗಳಿಗೆಯಲ್ಲಿ ನಾನು ಹೇಳಬೇಕಾದದ್ದು, “ತಪ್ಪು ನನ್ನದು” ಎಂಬ ಎರಡು ಪದ. ಹೇಳಲಿಲ್ಲ. ಕಾಶಮ್ಮ ನೋಡುತ್ತಿದ್ದಳು. ನನ್ನ ಬಾಯಿಂದ ಬಂದದ್ದು ಹೀಗೆ: “ಮೊದಲ ಹಂತ ಮುಗೀತು ಮಹಾದೇವಿ. ಇನ್ನು ಎರಡನೇ ಹಂತ. ಇವತ್ತಿಂದ ಕನ್ನಡದಲ್ಲಿ ಎಷ್ಟು ಬೇಕಾದರೂ ಮಾತಾಡಿ.”

“ಖರೇನ್ರಿ?” ಎಂದವಳು ಉತ್ತರಕ್ಕೂ ಕಾಯದೆ ಮಗಳ ಮುಂದೆ ಕೂತು, “ಗಂಗಾ, ನನ್ನವ್ವ” ಎಂದಳು. ಹೇಳುತ್ತಲೇ ಅತ್ತಳು. ಗಂಗಾ ಅವಳ ಗಂಟಲ ಮೇಲೆ ಕೈಯಿಟ್ಟು ನಿಂತಿದ್ದಳು.

ಪದಗಳು ಒಮ್ಮೆಲೇ ಮರಳಲಿಲ್ಲ. ಮೂರು ವಾರ ಏನೂ ಇಲ್ಲ. ಆಮೇಲೆ “ಬ್ಯಾಡ” ಬಂತು. ನಾನು ಅವಳ ಪಾಠವನ್ನೆಲ್ಲ ಕನ್ನಡಕ್ಕೆ ಬದಲಿಸಿಕೊಂಡೆ. ಹಾಗೆ ಬದಲಿಸಿ ಏಳು ತಿಂಗಳಾಗುವಾಗ ಇಪ್ಪತ್ತಮೂರು ಪದಗಳಿದ್ದವು, “ಅವ್ವ ಬಾ” ಎಂದು ಎರಡನ್ನು ಕೂಡಿಸುತ್ತಿದ್ದಳು. ಹಾಲಿಗೆ ತೆಲುಗಿನಲ್ಲಿ ಹೇಳುವ ‘ಪಾಲು’ ಯಾರೂ ಕಲಿಸದೆ ಬಂದಿತ್ತು. ಅಷ್ಟರಲ್ಲಿ ಕಟ್ಟಡ ಮುಗಿದು ಶರಣಪ್ಪನಿಗೆ ಪುಣೆಯಲ್ಲಿ ಕೆಲಸವಾಯಿತು.

ಹೊರಡುವ ಮುನ್ನ ಮಹಾದೇವಿ ಮಗಳನ್ನು ಕರೆದುಕೊಂಡು ಬಂದಳು. “ಒಂದ್ ಕೇಳ್ಬೇಕಿತ್ರಿ ಅಕ್ಕೋರ. ಆ ನಾಕ್ ತಿಂಗಳು ನನಗ ಭಾಳ ತ್ರಾಸ ಆತ್ರಿ. ಆಕಿ ನನ್ನ ಬಾಯಿ ಹಿಡ್ಕೊಂಡು ಅಳ್ತಿದ್ಳು. ಅದರಿಂದ ಆಕಿಗಿ ಚಲೋ ಆತಲ್ರಿ?”

“ಹೂಂ, ಆಯ್ತು,” ಎಂದೆ.

ಅವಳ ಮುಖ ಹಗುರಾಯಿತು. ಮಗಳ ಎರಡೂ ಕೈ ಜೋಡಿಸಿ ನನಗೆ ನಮಸ್ಕಾರ ಮಾಡಿಸಿದಳು.

ಫೈಲಿನಲ್ಲಿದ್ದ ‘ಸಹಕಾರವಿಲ್ಲ’ ಎಂಬ ಸಾಲನ್ನು ಆ ದಿನ ಹೊಡೆದುಹಾಕಿದೆ. ಕೇಂದ್ರದ ನಿಯಮ ಬದಲಿಸಲು ಇನ್ನೂ ಎರಡು ವರ್ಷ ವಾದ ಮಾಡಬೇಕಾಯಿತು. ಈಗ ಯಾವ ತಾಯಿ ಬಂದರೂ, ನಿಮ್ಮ ಮಗುವನ್ನು ಮುದ್ದು ಮಾಡುವಾಗ ಯಾವ ಭಾಷೆ ಬರುತ್ತದೆ ಎಂದು ಮೊದಲು ಕೇಳುತ್ತೇನೆ, ಅದರಲ್ಲೇ ಕೆಲಸ ಶುರುಮಾಡುತ್ತೇನೆ. ನಾವು ಗಡಿಯಾರ ನೋಡುತ್ತ ಹೇಳಿದ ಒಂದು ಮಾತನ್ನು ಜನ ಮನೆಗೆ ಕೊಂಡೊಯ್ದು ತಿಂಗಳುಗಟ್ಟಲೆ ಅದರಂತೆಯೇ ಬದುಕುತ್ತಾರೆ. ಅದು ತಪ್ಪೆಂದು ತಿಳಿದ ದಿನವೇ ಹೋಗಿ ಅವರೆದುರು ಹೇಳಬೇಕು. ಆಮೇಲೆ ಹಲವು ತಂದೆತಾಯಿಯರ ಮುಂದೆ ಹಾಗೆ ಒಪ್ಪಿಕೊಂಡಿದ್ದೇನೆ. ಮಹಾದೇವಿಗೆ ಮಾತ್ರ ಹೇಳಲಿಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದರಿಂದಲೇ ಮಗಳಿಗೆ ಮಾತು ಬಂತೆಂದು ಅವಳು ಇವತ್ತಿಗೂ ನಂಬಿರಬಹುದು.