ಗ್ಯಾಸ್ ಅಂತ ನಾನೇ ಹೇಳಿದ್ದೆ

ಸೇಲಂನ ಒಂದು ಮೆಡಿಕಲ್ ಶಾಪಿನಲ್ಲಿ ಹದಿನಾರು ವರ್ಷದಿಂದ ಮಾತ್ರೆ ಕೊಡುವುದು ನನ್ನ ಕೆಲಸ. ತಂಗಿಯನ್ನು ಮಾರಂಡಹಳ್ಳಿಗೆ ಕೊಟ್ಟಿದ್ದೇವೆ. ಮೂವತ್ತು ತುಂಬುವ ಮೊದಲೇ ಅವಳಿಗೆ ಲೂಪಸ್ ಬಂತು. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಕೀಲುನೋವು, ಕೆನ್ನೆಯ ಕೆಂಪು, ಉದುರುವ ಕೂದಲು, ಇಷ್ಟೇ ಅಂದುಕೊಂಡಿದ್ದೆವು. ಅವಳ ಅತ್ತೆಗೆ ಅದರಲ್ಲೂ ನಂಬಿಕೆಯಿರಲಿಲ್ಲ. "ಕೆಲ್ಸ ಅಂದ್ರೆ ಸಾಕು, ಇವ್ಳಿಗೆ ಒಂದೊಂದು ನೋವು ಬತ್ತೈತೆ" ಎನ್ನುತ್ತಿದ್ದರು.

ಕಳೆದ ವರ್ಷ ಟೊಮೇಟೊ ಕೀಳುವ ದಿನಗಳಲ್ಲಿ ತಂಗಿ ಫೋನ್ ಮಾಡಿದಳು.

"ಅಕ್ಕಾ, ಎದೆ ಚುಚ್ತೈತೆ. ಉಸ್ರು ಎಳ್ದ್ರೆ ಜಾಸ್ತಿ. ಮಲಗಾಕೇ ಆಗಲ್ಲ. ಮುಂದಕ್ಕೆ ಬಗ್ಗಿ ಕುಂತ್ರೆ ವಸಿ ತಡ್ಕಬೋದು."

ಅಂಗಡಿಯಲ್ಲಿ ಜನ ಕಾಯುತ್ತಿದ್ದರು.

"ಗ್ಯಾಸ್ ಕಣೇ. ಒಟ್ಟೆಗಿಲ್ದೆ ಅಷ್ಟು ಮಾತ್ರೆ ನುಂಗಿದ್ರೆ ಇನ್ನೇನಾಗ್ತೈತೆ?"

ಗ್ಯಾಸಿನ ಮಾತ್ರೆಯ ಹೆಸರು ಹೇಳಿ ಫೋನ್ ಇಟ್ಟೆ. ಮತ್ತೆರಡು ಸಲ ಮಾಡಿದಳು. ಎರಡು ಸಲವೂ ಅದೇ ಮಾತ್ರೆ ಹೇಳಿದೆ.

ಎಂಟನೆಯ ದಿನ ಕಾಲು ಊದಿತು, ನಾಲ್ಕು ಹೆಜ್ಜೆಗೆ ಏದುಸಿರು ಬಂತು. ಗಂಡ ಧರ್ಮಪುರಿಯ ಆಸ್ಪತ್ರೆಗೆ ಸೇರಿಸಿದ. ನಾನು ಬಸ್ ಹಿಡಿದು ಹೋದಾಗ ಅವಳು ದಿಂಬನ್ನು ಅಪ್ಪಿಕೊಂಡು ಮುಂದಕ್ಕೆ ಬಾಗಿ ಕುಳಿತಿದ್ದಳು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು, ತಮಿಳಿನಲ್ಲಿ "ಮುನ್ನಾಡಿ ಸಾಂಜಾ ವಲಿ ಕೊರೆಯುದಾ?" ಎಂದರು. ಮುಂದೆ ಬಾಗಿದರೆ ನೋವು ಕಡಿಮೆಯೇ ಎಂದು. ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. ನಾನು ಮೂರು ಸಲ ಕೇಳಿಸಿಕೊಂಡೂ ಕೇಳಿಸಿಕೊಳ್ಳದಿದ್ದ ಮಾತು.

ಇಸಿಜಿ, ಎಕೋ ಆಯಿತು. ಹೃದಯವನ್ನು ಸುತ್ತಿದ ಪೊರೆಗೆ ಉರಿಯೂತ ಬಂದು, ಒಳಗೆ ನೀರು ತುಂಬಿ ಹೃದಯವನ್ನು ಅಮುಕುತ್ತಿತ್ತು. ಲೂಪಸ್ ಇದ್ದವರು ಇಂಥ ಎದೆನೋವು ಎಂದರೆ ಮೊದಲು ಇದನ್ನೇ ಅನುಮಾನಿಸಬೇಕಂತೆ. ಮೊದಲೇ ಯಾರಿಗೂ ಹೇಳಲಿಲ್ಲವೇ ಎಂದು ಡಾಕ್ಟರಮ್ಮ ಗದರಿದರು.

"ಇಲ್ಲ" ಎಂದಳು ತಂಗಿ, ನನ್ನತ್ತ ನೋಡದೆ.

ನಾನು ಜಾರಿದ ಹೊದಿಕೆಯನ್ನು ಅವಳ ಕಾಲಮೇಲೆ ಎಳೆದೆ.

ಸೂಜಿ ಹಾಕಿ ನೀರು ತೆಗೆದರು, ಸ್ಟೆರಾಯ್ಡ್ ಹೆಚ್ಚಿಸಿದರು. ಉಳಿದಳು. ಈಚೆಗೆ ಮತ್ತೆ ಎದೆ ಚುಚ್ಚಿದಾಗ ಅವಳೇ ಬಸ್ ಹತ್ತಿ ಡಾಕ್ಟರಮ್ಮನ ಹತ್ತಿರ ಹೋಗಿಬಂದಳಂತೆ. ನನಗೆ ತಿಳಿದದ್ದು ವಾರದ ಮೇಲೆ, ಅವಳ ಗಂಡನಿಂದ. ಫೋನ್ ಮಾಡಿ, "ನನಗ್ಯಾಕೆ ಹೇಳ್ಲಿಲ್ಲ?" ಎಂದೆ.

"ನಿನ್ಗೆ ಅಂಗ್ಡೀಲಿ ಕೆಲ್ಸ ಇರ್ತೈತಲ್ಲಕ್ಕಾ" ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.