ಕುಣಿ ಮುಚ್ಚಿದ ನೆಲ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಇಳಕಲ್ಲಿನ ನೇಕಾರರ ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿದ್ದೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದವನು; ಸಂಘದ ಒಡೆಯರು ಸದಸ್ಯರೇ ಎಂದು ಸದಸ್ಯರಿಗೇ ತಿಳಿಹೇಳುವುದೂ ನನ್ನ ಕೆಲಸ ಎಂದುಕೊಂಡಿದ್ದೆ. ನನ್ನ ದಣಿವು ಅಲ್ಲಿಂದಲೇ ಶುರುವಾಯಿತೋ ಏನೋ.

ಆ ವರ್ಷ ಒಬ್ಬ ಸದಸ್ಯ ತೀರಿಕೊಂಡ. ಅವನ ಹೆಂಡತಿ ಮಗ್ಗ ನಿಲ್ಲಿಸಲಿಲ್ಲ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದರಲ್ಲಿ ಓಣಿಯಲ್ಲೇ ಅವಳಷ್ಟು ಚುರುಕಿನ ಕೈ ಇರಲಿಲ್ಲ. ಆದರೆ ಸಂಘದ ನೂಲು ಸದಸ್ಯರಿಗೆ ಮಾತ್ರ. ಗಂಡನ ಷೇರು ಅವಳ ಹೆಸರಿಗಾಗಲು ಸರ್ವಸದಸ್ಯರ ಸಭೆ ಒಪ್ಪಬೇಕಿತ್ತು. ಅವಳ ಮಗ್ಗದ ಮೇಲೆ ಎರಡು ಸೀರೆಗಾಗುವಷ್ಟು ನೂಲು ಉಳಿದಿತ್ತು, ವಾರ-ಹತ್ತು ದಿನದ ಕೆಲಸ.

ಬಾಗಲಕೋಟೆಯಿಂದ ಬರುವ ಸಹಕಾರ ಇಲಾಖೆಯ ಅಧಿಕಾರಿಗೆ ಅನುಕೂಲವೆಂದು ನಾನು ಸಭೆಯನ್ನು ಸೀರೆ ಒಪ್ಪಿಸುವ ದಿನದ ಹಿಂದಿನ ದಿನಕ್ಕೆ ಕರೆದೆ. ಆ ದಿನ ನೇಕಾರರು, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯಿಂದ ಮೇಲೇಳುವುದಿಲ್ಲ. ಕೈ ಬಿಡುವಾಗುವುದು ಅಮಾವಾಸ್ಯೆಗೆ, ಮಗ್ಗ ಮುಟ್ಟದ ದಿನ. ಇದು ನನಗೆ ಗೊತ್ತಿರಲಿಲ್ಲವೇ? ದಿನಚರಿಯಲ್ಲಿ ‘ಸದಸ್ಯರಿಗೆ ಹೊಣೆ ಇಲ್ಲ’ ಎಂದಷ್ಟೇ ಬರೆದಿದ್ದೇನೆ.

ಕರೆಯಲು ಓಣಿ ಸುತ್ತಿದೆ. “ಸಂಘ ನಿಮ್ದ ಐತಿ, ಬರ್ರಿ,” ಎಂದೆ ಒಬ್ಬರಿಗೆ.

“ಸಂಘ ನಂದ ಖರೆ. ಸೀರಿನೂ ನಂದ ಐತ್ರಿ,” ಎಂದರು, ಲಾಳಿ ನಿಲ್ಲಿಸದೆ.

ಕೋರಂಗೆ ಒಬ್ಬರು ಕಡಿಮೆ ಬಿದ್ದರು. ವಯಸ್ಸಾದ ನೇಕಾರರಾಗಿದ್ದ ಅಧ್ಯಕ್ಷರು ಬೀಡಿ ಹಚ್ಚಿದರು. ಷೇರಿಗೆ ಅರ್ಜಿ ಕೊಟ್ಟು ಹೊರಗಿನ ಕಟ್ಟೆಯ ಮೇಲೆ ಕಾದು ಕುಳಿತಿದ್ದ ಅವಳು ಅವರನ್ನು ಕೇಳಿದಳು:

“ಮಾವಾ, ನಾ ಒಳಗ ಬಂದ್ರ ಸಭಾ ಆಕ್ಕೈತಲ್ಲ?”

“ಮೊದ್ಲ ಸದಸ್ಯ ಆಗ್ಬೇಕವಾ.”

“ಸದಸ್ಯ ಆಗಾಕ ಸಭಾ ಬೇಕು, ಸಭಾ ಆಗಾಕ ಇನ್ನೊಬ್ಬ ಸದಸ್ಯ ಬೇಕು. ಗಂಡಸರು ಕೊಂಡಿ ಹಾಕಾಕ ಕುಂತ್ರ ಸೀರಿನೂ ಹಿಂಗ ನಿಲ್ತೈತಿ ನೋಡ್ರಿ.”

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಸಭೆ ಮುಂದೂಡಿದೆ.

ಮುಂದಿನದು ತಿಂಗಳ ಮೇಲೆ, ಅಮಾವಾಸ್ಯೆಯಂದು. ಕೂರಲು ಜಾಗ ಸಾಲಲಿಲ್ಲ. ಅವಳ ಅರ್ಜಿಗೆ ಒಬ್ಬರೂ ಅಡ್ಡ ಹೇಳಲಿಲ್ಲ. ಅವಳೇ ಬಂದಿರಲಿಲ್ಲ. ಸಭೆ ಮುಗಿದೊಡನೆ ತಿಳಿಸಲು ಮನೆಗೆ ಹೋದೆ. ಮಗ್ಗ ಇರಲಿಲ್ಲ. ಕುಣಿಗೆ ಮಣ್ಣು ತುಂಬಿ ಸಗಣಿ ಸಾರಿಸಿದ್ದಳು. ಸಾವ್ಕಾರರೊಬ್ಬರ ಮಗ್ಗಗಳಿಗೆ ಕೊಂಡಿ ಹಾಕಲು ಕೂಲಿಗೆ ಹೋಗುತ್ತಿದ್ದಳಂತೆ.

“ಸಂಘದಾಗ ನಿಮ್ಮ ಹೆಸರು ಹತ್ತೈತ್ರಿ,” ಎಂದೆ.

“ಛಲೋ ಆತ್ರಿ ಸಾಹೇಬ್ರ. ಇನ್ನ ಸಭಾಕ್ಕ ಒಬ್ರು ಕಡಿಮಿ ಬಿದ್ರ ನನ್ನ ಕರೀರಿ.”

ಆ ನೆಲ ಇನ್ನೂ ಹಸಿಯಾಗಿತ್ತು ಎಂದು ನನ್ನ ನೆನಪು. ದಿನಚರಿಯಲ್ಲಿ ಅದಿಲ್ಲ. ಹಸಿಯಾಗಿದ್ದುದು ನಿಜವಾದರೆ ಕುಣಿ ಮುಚ್ಚಿ ಒಂದೆರಡು ದಿನವಷ್ಟೇ ಆಗಿತ್ತು; ಅವಳು ನಮಗಾಗಿ ಆ ತಿಂಗಳೆಲ್ಲ ಕಾದಿದ್ದಳು. ಮೊದಲ ವಾರವೇ ಮುಚ್ಚಿದ್ದಳು ಎಂದುಕೊಳ್ಳುವುದು ನನಗೆ ಸುಲಭ. ಎಷ್ಟೋ ಸಲ ಹಾಗೆಯೇ ಅಂದುಕೊಂಡಿದ್ದೇನೆ. ಆದರೆ ಒಳಗೆ ಕಾಲಿಟ್ಟಾಗ ಅಂಗಾಲಿಗೆ ತಣ್ಣಗೆ ಹತ್ತಿದ್ದು ಮರೆಯುತ್ತಿಲ್ಲ.