ನೀಹಾರಿಕೆಯ ಸೂತಕ

ನಾನು ವಿಜ್ಞಾನ ಕಲಿಸುವ ಮಾಸ್ತರ. ಕೇಳದಿದ್ದರೂ ನಾಲ್ಕು ಸಲ ಹೇಳುವುದೇ ನನ್ನ ಕಸುಬು. ಹೇಳಲೇಬೇಕಾಗಿದ್ದಾಗ ಒಮ್ಮೆ ಬಾಯಿ ಮುಚ್ಚಿಕೊಂಡೆ.

ಮಾರ್ಗಶಿರದ ಸಂಜೆ ನಮ್ಮ ಹುಬ್ಬಳ್ಳಿಯ ಮನೆಯ ಹಿತ್ತಿಲಲ್ಲಿ ತಲೆಯೆತ್ತಿದರೆ ಒಂದು ಮಬ್ಬು ಕಲೆ ಕಾಣುತ್ತದೆ. ಅದು ದೇವಯಾನಿಯ ಸುರುಳಿ ನೀಹಾರಿಕೆ. ನಮ್ಮ ಆಕಾಶಗಂಗೆಯಂಥದೇ ಇನ್ನೊಂದು ಸಂಸಾರ. ಕೋಟಿಗಟ್ಟಲೆ ನಕ್ಷತ್ರಗಳು ಜಿಲೇಬಿಯ ಹಾಗೆ ಸುತ್ತಿಕೊಂಡಿವೆ, ನಮಗೆ ಮಾತ್ರ ಓರೆಯಾಗಿ ಕಾಣುತ್ತವೆ. ಅದರ ಬೆಳಕು ಇಲ್ಲಿಗೆ ತಲುಪಲು ಸುಮಾರು ಒಂಬತ್ತು ಲಕ್ಷ ವರ್ಷ ಬೇಕೆಂದು ಆಗಿನ ಬಲ್ಲವರ ಲೆಕ್ಕ. ಈಗ ಅದು ಇದೆಯೋ ಇಲ್ಲವೋ, ಯಾರಿಗೆ ಗೊತ್ತು? ಈ ಪಾಠವನ್ನು ಅಣ್ಣನ ಹೆಂಡತಿ, ನಮ್ಮ ವೈನಿ, ತುಳಸಿಯ ದೀಪ ಕೈಯಲ್ಲಿ ಹಿಡಿದುಕೊಂಡೇ ಪಾಪ ಪೂರ್ತಿ ಕೇಳಿದ್ದರು.

ಅಣ್ಣ ದಂಡಿನ ಗುಮಾಸ್ತನಾಗಿ ಬರ್ಮಾದ ಯುದ್ಧಕ್ಕೆ ಹೋದ. ತೀರಿಕೊಂಡನೆಂಬ ಸರಕಾರಿ ಕಾಗದ ಬರುವಷ್ಟರಲ್ಲಿ ಅವನ ಜೀವ ಹೋಗಿ ಎರಡು ತಿಂಗಳಾಗಿತ್ತು. ಆಚಾರ್ಯರು ಬೆರಳು ಎಣಿಸಿದರು. "ತಡಾ ಆಗಿ ಕೇಳೀರಿ, ನಿಮಗ ಮೂರು ದಿನ ಸೂತಕ್ರೀ. ನಿಮ್ಮ ವೈನಿಗೆ ಪೂರ್ತಿ ಹತ್ತು. ವರ್ಷ ದಾಟಿ ಕೇಳಿದ್ರ ನಿಮಗ ಬರೇ ಸ್ನಾನ." ಹತ್ತನೆಯ ದಿನ ವೈನಿಯ ಕುಂಕುಮ ಅಳಿಸುವುದೆಂದಾಯಿತು.

ಎರಡನೆಯ ದಿನವೇ ಎಲ್ಲೆಲ್ಲೋ ಅಲೆದು ಅಣ್ಣನ ಕೈಬರಹದ ಕಾಗದ ಬಂತು. "ಆರಾಮ ಇದ್ದೇನಿ, ಕಾಳಜಿ ಬ್ಯಾಡ." ಅವ್ವ ದಿಗ್ಗನೆ ಎದ್ದಳು. "ಸತ್ತಾಂವ ಕಾಗದ ಬರೀತಾನೇನೋ? ಸರಕಾರದವ್ರು ಯಾರದೋ ಹೆಸರು ಬರದಾರ. ಸೂತಕ ಇಲ್ಲ, ಏನಿಲ್ಲ. ಲಗೂ ದುರ್ಗದಬೈಲಿಗೆ ಹೋಗಿ ಜಿಲೇಬಿ ತೊಗೊಂಡು ಬಾ!"

ಓದಿ ಹೇಳಿದವನು ನಾನೇ. ಮೇಲಿನ ತಾರೀಖನ್ನು ಮಾತ್ರ ನುಂಗಿದ್ದೆ. ಅದು ಅಣ್ಣ ತೀರಿಕೊಳ್ಳುವ ಎಂಟು ದಿನ ಮೊದಲಿನದು. ಜಿಲೇಬಿ ತಂದೆ, ಅವ್ವನ ಎದುರು ಕೂತು ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾದೀತು. ಇಳಿಯಿತು.

ಸಂಜೆ ವೈನಿ ತುಳಸಿಗೆ ದೀಪವಿಟ್ಟು ಆ ಮಬ್ಬು ಕಲೆಯನ್ನೇ ನೋಡಿದರು. "ಆ ಬೆಳಕು ಯಾವಾಗ ಹೊಂಟದ್ದಂತ ನಾ ಕೇಳದನ ಹೇಳಿದ್ರಿ. ಈ ಕಾಗದ ಯಾವಾಗ ಹೊಂಟದ್ದು, ಅದನ್ನ ಹೇಳ್ರಿ."

ಹೇಳಿದೆ. ಅವರು ದೀಪದ ಬತ್ತಿ ಸರಿಮಾಡಿದರು. "ಅತ್ತಿಯವ್ರಿಗೆ ಹೇಳಬ್ಯಾಡ್ರಿ. ಅವರು ಇರೂತನಕ ಇದು ಇರ್ಲಿ," ಎಂದು ಹಣೆ ಮುಟ್ಟಿಕೊಂಡರು.

ಮೂರು ವರ್ಷ ಅವ್ವ ಟಪಾಲಿನವನ ದಾರಿ ಕಾದಳು. ಮೂರು ವರ್ಷ ವೈನಿ ದಿನಾ ಬೆಳಿಗ್ಗೆ ಅವಳ ಎದುರಿಗೇ ಕುಂಕುಮ ಹಚ್ಚಿಕೊಂಡರು. ಅವ್ವ ಹೋದ ಹತ್ತನೆಯ ದಿನ, ಯಾರೂ ಹೇಳದೆ, ತಾವೇ ಅಳಿಸಿಕೊಂಡರು.

ನೀಹಾರಿಕೆ ಈಗಲೂ ಕಾಣುತ್ತದೆ. ಅದು ಎಂದೋ ಆರಿಹೋಗಿದ್ದರೂ ಶಾಸ್ತ್ರದ ಪ್ರಕಾರ ನನಗೆ ಒಂದು ಸ್ನಾನ ಸಾಕು. ಆ ತಾರೀಖು ನುಂಗಿದ್ದಕ್ಕೆ ಎಷ್ಟು ದಿನ ಎಂದು ಆಚಾರ್ಯರನ್ನು ಕೇಳಲು ಮಾತ್ರ ನನಗಿನ್ನೂ ಧೈರ್ಯ ಬಂದಿಲ್ಲ.